ಕರ್ನೆಲ್‌ಗೂ ಪ್ರೋಗ್ರಾಮಿಗೂ ನಡುವೆ ಒಂದೇ ಬದು ಇರಲಿ

ಸಂಪಾದಕರಿಗೆ ನಮಸ್ಕಾರ.

ನಾನು ತುಮಕೂರಿನವನು. ಹದಿನೆಂಟು ವರ್ಷದಿಂದ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಓಡುವ ಚಿಕ್ಕ ಚಿಕ್ಕ ಬೋರ್ಡುಗಳಿಗೆ ಡ್ರೈವರ್, ಅಂದರೆ ಸೆನ್ಸರ್, ಮೋಟಾರ್ ಇಂಥವನ್ನು ನಡೆಸುವ ಕೋಡು, ಬರೆಯುವುದೇ ನನ್ನ ಕೆಲಸ. ಮೇಜಿನ ಮೇಲೆ ಕೂರುವ ಕಂಪ್ಯೂಟರ್ ಅಲ್ಲ, ಗೋಡೆಗೆ ಹೊಡೆದ ಪೆಟ್ಟಿಗೆಯೊಳಗಿದ್ದು ತಾಪಮಾನ ಅಳೆಯುವ, ಮೀಟರ್ ಓದುವ, ಮೋಟಾರ್ ಚಾಲೂ ಮಾಡುವ ಬೋರ್ಡುಗಳು. ಈ ಪತ್ರ ಹೆಡರ್ ಅನ್ನುವ ಒಂದು ಸಣ್ಣ ಫೈಲಿನ ಬಗ್ಗೆ, ಆಪರೇಟಿಂಗ್ ಸಿಸ್ಟಮ್ಮೂ ಪ್ರೋಗ್ರಾಮೂ ಹೇಗೆ ಮಾತಾಡಿಕೊಳ್ಳಬೇಕು ಅಂತ ಬರೆದಿಡುವ ಫೈಲು. ಇಂಥದ್ದನ್ನು ಪತ್ರಿಕೆಗೆ ಬರೆಯಬೇಕಾ ಅಂತ ಕೆಲವರಿಗೆ ಅನ್ನಿಸಬಹುದು. ಬೇಕು. ಪ್ರತಿ ವರ್ಷ ನಮ್ಮ ಜೊತೆ ಕೆಲಸಕ್ಕೆ ಸೇರುವ ಮಕ್ಕಳು ಒಳ್ಳೆಯ ಅಂಕ ತೆಗೆದವರು, ಬುದ್ಧಿವಂತರು, ಆದರೆ ಇದೊಂದು ವಿಷಯದಲ್ಲಿ ಬಹಳ ಮಂದಿ ಒಂದೇ ಥರ ಎಡವುತ್ತಾರೆ, ಕೇಳಿದರೆ ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ ಸರ್ ಅನ್ನುತ್ತಾರೆ. ನಿಮ್ಮ ಓದುಗರಲ್ಲಿ ಅಂಥ ಮಕ್ಕಳೂ ಇದ್ದಾರೆ, ಅವರ ಮೇಷ್ಟ್ರುಗಳೂ ಇದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೊಲ ಇದ್ದವರಿಗೆ ಬದು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ನನ್ನ ಹೊಲದಲ್ಲಿ ನಾನು ಈ ವರ್ಷ ರಾಗಿ ಹಾಕಲಿ, ಮುಂದಿನ ವರ್ಷ ಅವರೆ ಹಾಕಲಿ, ಪಕ್ಕದವರು ಕೇಳುವ ಹಾಗಿಲ್ಲ. ಆದರೆ ನಡುವಿನ ಬದು ಇಬ್ಬರದ್ದು. ಅದನ್ನು ಒಬ್ಬನೇ ಹೋಗಿ ಒಂದು ಗೇಣು ಸರಿಸಿದರೂ ತಪ್ಪು. ಕಂಪ್ಯೂಟರಿನಲ್ಲೂ ಹೀಗೇ ಎರಡು ಹೊಲ ಇವೆ. ಒಂದು ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಒಳಗಿನ ಭಾಗ. ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲ ಅದರ ಕೈಯಲ್ಲಿದೆ. ಇನ್ನೊಂದು ನಾವು ನೀವು ಓಡಿಸುವ ಪ್ರೋಗ್ರಾಮುಗಳು. ಪ್ರೋಗ್ರಾಮ್ ತಾನೇ ಡಿಸ್ಕ್ ಮುಟ್ಟುವ ಹಾಗಿಲ್ಲ, ಕರ್ನೆಲ್ಲನ್ನು ಕೇಳಬೇಕು. ಆ ಕೇಳುವ ರೀತಿಯೇ ಸಿಸ್ಟಮ್ ಕಾಲ್.

ಕೇಳುವುದು ಹೆಸರಿನಿಂದ ಅಲ್ಲ, ನಂಬರಿನಿಂದ. 64 ಬಿಟ್ಟಿನ ಇಂಟೆಲ್ ಯಂತ್ರದಲ್ಲಿ ಲಿನಕ್ಸ್‌ಗೆ "ಬರೆ" ಅಂತ ಹೇಳಲು ನಂಬರ್ 1. ಹಳೆಯ 32 ಬಿಟ್ಟಿನ ಇಂಟೆಲ್‌ನಲ್ಲಿ ಅದೇ ಕೆಲಸಕ್ಕೆ 4. 64 ಬಿಟ್ಟಿನ ಆರ್ಮ್ ಪ್ರೊಸೆಸರಿನಲ್ಲಿ 64. ಈ ನಂಬರುಗಳು, ಜೊತೆಗೆ ಕರ್ನೆಲ್ಲಿಗೆ ಕೊಡುವ ಮತ್ತು ಅಲ್ಲಿಂದ ಬರುವ ಮಾಹಿತಿ ಯಾವ ಕ್ರಮದಲ್ಲಿ, ಎಷ್ಟೆಷ್ಟು ಬೈಟಿನಲ್ಲಿ ಜೋಡಿಸಿರುತ್ತದೆ ಅನ್ನುವುದು, ಇವೆಲ್ಲ ಸಿ ಭಾಷೆಯ ಹೆಡರ್ ಫೈಲುಗಳಲ್ಲಿ ಇರುತ್ತವೆ. ಕರ್ನೆಲ್ ಕಂಪೈಲ್ ಆಗುವಾಗ, ಅಂದರೆ ಬರೆದ ಕೋಡು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಬದಲಾಗುವಾಗ, ಅದನ್ನೇ ನೋಡುತ್ತದೆ, ಪ್ರೋಗ್ರಾಮ್ ಕಂಪೈಲ್ ಆಗುವಾಗಲೂ ಅದನ್ನೇ ನೋಡಬೇಕು. ಒಮ್ಮೆ ಕಂಪೈಲ್ ಆದ ಮೇಲೆ ಹೆಸರುಗಳೆಲ್ಲ ಕರಗಿ ಹೋಗುತ್ತವೆ. "ತಾಪಮಾನ" ಅನ್ನುವ ಹೆಸರು ಇರುವುದಿಲ್ಲ, "ಶುರುವಿನಿಂದ ನಾಲ್ಕು ಬೈಟ್ ಬಿಟ್ಟು ಮುಂದಿನ ನಾಲ್ಕು ಬೈಟ್ ಓದು" ಅನ್ನುವುದಷ್ಟೇ ಉಳಿಯುತ್ತದೆ. ಎರಡೂ ಕಡೆಯವರು ಬೇರೆ ಬೇರೆ ಫೈಲ್ ನೋಡಿ ಕಂಪೈಲ್ ಆಗಿದ್ದರೆ ಯಾರೂ ಬಂದು ಎಚ್ಚರಿಸುವುದಿಲ್ಲ. ತಪ್ಪು ಉತ್ತರ ಸದ್ದಿಲ್ಲದೆ ಬರುತ್ತದೆ.

ಹೀಗೆ ನನಗೇ ಆದದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಒಂದು ಚಿಕ್ಕ ಕಂಪನಿಯಲ್ಲಿದ್ದೆ. ಹಳ್ಳಿಗಳಲ್ಲಿ ಹಾಲು ತಂಪು ಮಾಡುವ ದೊಡ್ಡ ಟ್ಯಾಂಕ್‌ಗಳಿಗೆ ತಾಪಮಾನ ಬರೆದಿಡುವ ಪೆಟ್ಟಿಗೆ ಮಾಡುತ್ತಿದ್ದೆವು. ಹಾಲು 4 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು, ಜಾಸ್ತಿಯಾದರೆ ಪೆಟ್ಟಿಗೆ ಕೂಗಬೇಕು. ಡ್ರೈವರ್ ನನ್ನದು, ಮೇಲಿನ ಪ್ರೋಗ್ರಾಮ್ ಇನ್ನೊಬ್ಬ ಗೆಳೆಯನದು. ಡ್ರೈವರ್ ಕೊಡುವ ಮಾಹಿತಿಯಲ್ಲಿ ಮೂರು ಅಂಕಿ: ಸೆನ್ಸರ್ ನಂಬರ್, ಡಿಗ್ರಿಯ ಸಾವಿರದ ಒಂದು ಪಾಲಿನಲ್ಲಿ ತಾಪಮಾನ, ಆಮೇಲೆ ಹೊತ್ತು. ಒಂದೊಂದು ನಾಲ್ಕು ಬೈಟ್, ಒಟ್ಟು 12. ನನ್ನ ಹೆಡರ್ ಫೈಲನ್ನು ನಾನೇ ಅವನಿಗೆ ಮೇಲ್‌ನಲ್ಲಿ ಕಳಿಸಿದೆ, ಅವನು ತನ್ನ ಫೋಲ್ಡರಿನಲ್ಲಿ ಹಾಕಿಕೊಂಡ. ಆ ಕ್ಷಣದಿಂದ ಫೈಲು ಎರಡಾಯಿತು.

ಐದಾರು ತಿಂಗಳಾದ ಮೇಲೆ ಬ್ಯಾಟರಿಯ ವೋಲ್ಟೇಜ್ ಕೂಡ ಬೇಕು ಅಂತ ಬಂತು. ನಾನು ಡ್ರೈವರಿನ ಕಡೆಯ ಫೈಲಿನಲ್ಲಿ ಸೆನ್ಸರ್ ನಂಬರ್ ಆದ ಮೇಲೆ, ತಾಪಮಾನಕ್ಕೆ ಮೊದಲು, ಮಿಲಿವೋಲ್ಟ್ ಲೆಕ್ಕದಲ್ಲಿ ಅದನ್ನು ಸೇರಿಸಿದೆ. ಅಲ್ಲೇ ಯಾಕೆ ಅಂದರೆ ಓದಲು ಚೆನ್ನಾಗಿ ಕಂಡಿತು, ಅಷ್ಟೇ ಕಾರಣ. ಪರೀಕ್ಷೆ ಮಾಡಿದ್ದು ನನ್ನದೇ ಪುಟ್ಟ ಪ್ರೋಗ್ರಾಮಿನಲ್ಲಿ, ಅದು ಹೊಸ ಫೈಲನ್ನೇ ನೋಡುತ್ತಿತ್ತು, ಎಲ್ಲ ಸರಿಯಾಗಿತ್ತು. ಹೊಸ ಕರ್ನೆಲ್ ಪೆಟ್ಟಿಗೆಗಳಿಗೆ ಹೋಯಿತು. ಮೇಲಿನ ಪ್ರೋಗ್ರಾಮ್ ಹಳೆಯದೇ ಇತ್ತು.

ಹಳೆಯ ಪ್ರೋಗ್ರಾಮ್ ಎರಡನೆಯ ಅಂಕಿಯನ್ನು ತಾಪಮಾನ ಅಂತ ಓದುತ್ತಿತ್ತು. ಈಗ ಅಲ್ಲಿ ಬ್ಯಾಟರಿ ಕೂತಿತ್ತು. 12 ವೋಲ್ಟಿನ ಬ್ಯಾಟರಿ, ತುಂಬಿದಾಗ 12600 ಮಿಲಿವೋಲ್ಟ್. ಪ್ರೋಗ್ರಾಮ್ ಅದನ್ನು 12.6 ಡಿಗ್ರಿ ಅಂತ ತೋರಿಸಿತು. ಇದೇ ಕೆಟ್ಟದ್ದು ನೋಡಿ. 5000 ಡಿಗ್ರಿ ಅಂತ ಬಂದಿದ್ದರೆ ಯಾರಾದರೂ ಸಾಫ್ಟ್‌ವೇರ್ ತಪ್ಪು ಅಂತ ತಕ್ಷಣ ಹೇಳುತ್ತಿದ್ದರು. 12.6 ಅಂದರೆ ಹಾಲು ತಂಪಾಗಿಲ್ಲ ಅಂತಲೇ ಎಲ್ಲರೂ ನಂಬಿದರು. ಮೆಕ್ಯಾನಿಕ್ ಬಂದ, ಕಂಪ್ರೆಸರ್ ಬಿಚ್ಚಿದ, ಗ್ಯಾಸ್ ನೋಡಿದ. ಒಂದು ಕಡೆ ಒಳ್ಳೆಯ ಹಾಲನ್ನೇ ಕೆಟ್ಟಿರಬಹುದು ಅಂತ ಹಿಂದಕ್ಕೆ ಕಳಿಸಿದರು. ಬೆಳಗ್ಗೆ ನಾಲ್ಕಕ್ಕೆ ಎದ್ದು ಕರೆದ ಹಾಲು ಅದು.

ಸಿಕ್ಕಿಬಿದ್ದದ್ದು ಗಡಿಯಾರದಿಂದ. ದಾಖಲೆಯಲ್ಲಿ ತಾರೀಕು 1970ರ ಜನವರಿ 1 ಅಂತ ಬರುತ್ತಿತ್ತು. ಗಡಿಯಾರದ ಸೆಲ್ ಹೋಗಿದೆ ಅಂದುಕೊಂಡೆವು. ಆದರೆ ಹೊತ್ತು ಬೆಳಗ್ಗೆ 6 ಗಂಟೆ 36 ನಿಮಿಷದ ಸುತ್ತಮುತ್ತಲೇ ಓಲಾಡುತ್ತಿತ್ತು, ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಸೆಲ್ ಹೋದ ಗಡಿಯಾರ ಹಿಂದಕ್ಕೆ ನಡೆಯುವುದಿಲ್ಲ, ಅಲ್ವಾ? ರಾತ್ರಿ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು. ಹೊತ್ತಿನ ಜಾಗದಲ್ಲಿ ಈಗ ತಾಪಮಾನ ಕೂತಿತ್ತು. 4 ಡಿಗ್ರಿ ಅಂದರೆ 4000, ಪ್ರೋಗ್ರಾಮಿಗೆ ಅದು 1970ರ ಶುರುವಿನಿಂದ 4000 ಸೆಕೆಂಡು, ನಮ್ಮ ದೇಶದ ಸಮಯದಲ್ಲಿ 6 ಗಂಟೆ 36 ನಿಮಿಷ 40 ಸೆಕೆಂಡು. ಹಾಲು ತಣ್ಣಗಾದಂತೆ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ಹೊಸ ಹಾಲು ಸುರಿದಾಗ ಮುಂದಕ್ಕೆ.

ಇಷ್ಟೇ ಅಲ್ಲ. ಕರ್ನೆಲ್ 16 ಬೈಟ್ ಬರೆಯುತ್ತಿತ್ತು, ಪ್ರೋಗ್ರಾಮ್ ಜಾಗ ಇಟ್ಟಿದ್ದು 12ಕ್ಕೆ. ಉಳಿದ ನಾಲ್ಕು ಬೈಟ್ ಪಕ್ಕದಲ್ಲಿದ್ದ ಮೆಮೊರಿಯ ಮೇಲೆ ಹೋಗಿ ಬೀಳುತ್ತಿತ್ತು. ಅಲ್ಲಿ ಮುಖ್ಯವಾದದ್ದು ಏನೂ ಇರಲಿಲ್ಲ, ಅದೃಷ್ಟ.

ಈಗ ಲಿನಕ್ಸ್‌ನ ಕಥೆಗೆ ಬರುತ್ತೇನೆ. ಈ ತಪ್ಪನ್ನು ಜಗತ್ತಿನ ದೊಡ್ಡ ದೊಡ್ಡ ಪ್ರೋಗ್ರಾಮರ್‌ಗಳೂ ವರ್ಷಗಟ್ಟಲೆ ಮಾಡಿದ್ದಾರೆ, ಮಾಡಿ ಕಲಿತಿದ್ದಾರೆ. ಅವರು ಕಲಿತದ್ದು ನಮಗೆ ಸುಮ್ನೆ ಸಿಗುತ್ತಿರುವಾಗ ನಾವು ಮತ್ತೆ ಮೊದಲಿನಿಂದ ಎಡವುವುದು ಯಾಕೆ?

ಲಿನಕ್ಸ್‌ಗೆ ಮಾದರಿಯಾದ ಹಳೆಯ ಆಪರೇಟಿಂಗ್ ಸಿಸ್ಟಮ್ ಯುನಿಕ್ಸ್‌ನ ಮೊದಲ ದಿನಗಳಲ್ಲಿ, 1970ರ ದಶಕದಲ್ಲಿ, ಓಡುತ್ತಿರುವ ಕೆಲಸಗಳ ಪಟ್ಟಿ ತೋರಿಸುವ ಪಿಎಸ್ ಕಮಾಂಡು ಕರ್ನೆಲ್‌ನ ಸ್ವಂತ ಹೆಡರ್ ಫೈಲುಗಳನ್ನೇ ಸೇರಿಸಿಕೊಂಡು, ಕರ್ನೆಲ್‌ನ ಮೆಮೊರಿಯನ್ನೇ ನೇರವಾಗಿ ತೆರೆದು ಓದುತ್ತಿತ್ತು. ಆ ಫೈಲುಗಳಲ್ಲಿ ಮಾಹಿತಿಯ ಜೋಡಣೆ ಬದಲಾದರೆ ಪಿಎಸ್ ಅನ್ನೂ ಮತ್ತೆ ಕಂಪೈಲ್ ಮಾಡಬೇಕಿತ್ತು. ಒಂದು ಕೋಣೆ, ಒಂದು ಯಂತ್ರ, ನಾಲ್ಕು ಜನ ಇದ್ದಾಗ ಅದು ನಡೆಯುತ್ತದೆ. ನೂರಾರು ಊರಿನಲ್ಲಿ ಪೆಟ್ಟಿಗೆ ಇದ್ದಾಗ ನಡೆಯುವುದಿಲ್ಲ.

ಲಿನಕ್ಸ್‌ನಲ್ಲೂ ಮೊದಲಿಗೆ ಬದು ಇರಲಿಲ್ಲ. ಪ್ರೋಗ್ರಾಮುಗಳು ಹೆಡರ್ ಹುಡುಕುವ ಜಾಗದಲ್ಲಿ ಕರ್ನೆಲ್‌ನ ಸೋರ್ಸ್ ಕೋಡಿಗೇ ಒಂದು ಲಿಂಕ್ ಹಾಕಿಡುತ್ತಿದ್ದರು. ನೀವು ಹೊಸ ಕರ್ನೆಲ್ ತಂದು ಬಿಚ್ಚಿದ ತಕ್ಷಣ, ನಿಮ್ಮ ಯಂತ್ರದಲ್ಲಿ ಕಂಪೈಲ್ ಆಗುವ ಎಲ್ಲ ಪ್ರೋಗ್ರಾಮುಗಳ ಕಾಲ ಕೆಳಗಿನ ನೆಲ ಬದಲಾಗುತ್ತಿತ್ತು. ಪ್ರೋಗ್ರಾಮುಗಳ ಪರವಾಗಿ ಕರ್ನೆಲ್ಲನ್ನು ಕೇಳುವ ಕೋಡಿನ ಸಂಗ್ರಹವಾದ ಸಿ ಲೈಬ್ರರಿ ಮಾತ್ರ ಹಳೆಯ ಹೆಡರ್ ನೋಡಿ ಕಂಪೈಲ್ ಆಗಿರುತ್ತಿತ್ತು. 2000ನೇ ಇಸವಿಯಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅವರೇ ಈ ಲಿಂಕ್ ಇಡಬೇಡಿ ಅಂತ ಸ್ಪಷ್ಟವಾಗಿ ಬರೆದರು. ನಿಮ್ಮ ಸಿ ಲೈಬ್ರರಿ ಯಾವ ಹೆಡರ್ ನೋಡಿ ಕಂಪೈಲ್ ಆಗಿದೆಯೋ ಆ ಹೆಡರೇ ಅಲ್ಲಿರಬೇಕು ಅನ್ನುವುದು ಅವರ ಮಾತಿನ ಸಾರ.

ಆ ಕಾಲದ ಎರಡು ಉದಾಹರಣೆ ನಾನು ಹೊಸಬರಿಗೆ ತಪ್ಪದೆ ಹೇಳುತ್ತೇನೆ. ಮೊದಲನೆಯದು ಎಣಿಕೆಯದು. ಕರ್ನೆಲ್ ಒಳಗೆ ಒಂದು ಅಂಕಿಯನ್ನು ಇಬ್ಬರು ಒಟ್ಟಿಗೆ ಹೆಚ್ಚಿಸಿದರೂ ಲೆಕ್ಕ ತಪ್ಪದ ಹಾಗೆ ನೋಡಿಕೊಳ್ಳುವ ಅಟಾಮಿಕ್ ಅನ್ನುವ ಹೆಡರ್ ಇದೆ. ಚೆನ್ನಾಗಿದೆಯಲ್ಲ ಅಂತ ಕೆಲವರು ಅದನ್ನು ತಮ್ಮ ಪ್ರೋಗ್ರಾಮುಗಳಿಗೂ ಸೇರಿಸಿಕೊಂಡರು. ಇಂಟೆಲ್ ಯಂತ್ರಗಳಲ್ಲಿ ಆ ಫೈಲಿನ ಒಳಗೆ ಒಂದು ಷರತ್ತು ಇತ್ತು: ಕರ್ನೆಲ್ಲನ್ನು ಒಂದಕ್ಕಿಂತ ಹೆಚ್ಚು ಪ್ರೊಸೆಸರಿಗೆ ಅಂತ ಕಾನ್ಫಿಗರ್ ಮಾಡಿದ್ದರೆ ಮಾತ್ರ ಬೀಗ ಹಾಕು, ಇಲ್ಲದಿದ್ದರೆ ಬೇಡ. ಕರ್ನೆಲ್‌ನ ಆ ಕಾನ್ಫಿಗರೇಶನ್ ಪ್ರೋಗ್ರಾಮಿಗೆ ಎಲ್ಲಿಂದ ಗೊತ್ತಾಗಬೇಕು? ಪ್ರೋಗ್ರಾಮ್ ಕಂಪೈಲ್ ಆಗುವಾಗ ಬೀಗವೇ ಇಲ್ಲದ ಕೋಡು ತಯಾರಾಗುತ್ತಿತ್ತು. ಹೆಸರು ಅಟಾಮಿಕ್, ಕೆಲಸ ಅಲ್ಲ. ಒಂದು ಪ್ರೊಸೆಸರಿನ ಯಂತ್ರದಲ್ಲಿ ಸರಿಯಾಗಿ ಓಡಿ, ಎರಡಿದ್ದ ಯಂತ್ರದಲ್ಲಿ ಯಾವಾಗಲೋ ಒಮ್ಮೆ ಲೆಕ್ಕ ತಪ್ಪುತ್ತಿತ್ತು. ಇಂಥ ತಪ್ಪನ್ನು ಹುಡುಕುವುದು ಎಷ್ಟು ಕಷ್ಟ ಅಂತ ಹುಡುಕಿದವರಿಗೇ ಗೊತ್ತು.

ಎರಡನೆಯದು ಎಚ್‌ಝಡ್. ಕರ್ನೆಲ್‌ನ ಟೈಮರ್ ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ ಅನ್ನುವ ಅಂಕಿ. ಇಂಟೆಲ್ ಯಂತ್ರಗಳಲ್ಲಿ ಅದು 100 ಇತ್ತು. ಪ್ರೋಗ್ರಾಮುಗಳು ಅದನ್ನು ಹೆಡರ್‌ನಿಂದ ತೆಗೆದುಕೊಂಡು ಸಮಯದ ಲೆಕ್ಕಕ್ಕೆ ಬಳಸುತ್ತಿದ್ದವು. 2003ರ ಕೊನೆಗೆ ಬಂದ 2.6 ಕರ್ನೆಲ್‌ನಲ್ಲಿ ಅದು 1000 ಆಯಿತು, 2005ರಲ್ಲಿ ಮತ್ತೆ ಮಾಮೂಲಿಯಾಗಿ 250 ಅಂತ ಇಟ್ಟರು. ಒಳಗಿನ ಬಡಿತ ಎಷ್ಟಿರಬೇಕು ಅನ್ನುವುದು ಕರ್ನೆಲ್‌ನ ಸ್ವಂತ ವಿಚಾರ, ಬದಲಾಯಿಸುವ ಹಕ್ಕು ಅದಕ್ಕಿದೆ. ಆದರೆ ಹೊರಗಿನವರು ಅದನ್ನೇ ನಂಬಿ ಕೂತಿದ್ದರು. ಕೊನೆಗೆ ಹೊರಗಿನವರಿಗಾಗಿಯೇ ಯೂಸರ್ ಎಚ್‌ಝಡ್ ಅಂತ ಬೇರೆಯೇ ಒಂದು ಅಂಕಿ ಇಟ್ಟು, ಅದನ್ನು 100ರಲ್ಲೇ ಉಳಿಸಿದರು. ಕರ್ನೆಲ್ ಒಳಗೆ ಎಷ್ಟೇ ಬಡಿಯಲಿ, ಹೊರಗೆ ಕೊಡುವಾಗ 100ರ ಲೆಕ್ಕಕ್ಕೆ ತಿರುಗಿಸಿಯೇ ಕೊಡುತ್ತದೆ. ನಾನು ಹೇಳಬೇಕೆಂದಿರುವುದೂ ಇದನ್ನೇ: ಒಳಗಿನದು ಬೇರೆ, ಹೊರಗೆ ಕೊಟ್ಟ ಮಾತು ಬೇರೆ, ಎರಡನ್ನೂ ಒಂದೇ ಫೈಲಿನಲ್ಲಿ ಕಲಸಬಾರದು.

ಆಮೇಲೆ ದಾರಿ ನಿಧಾನವಾಗಿ ತಿಳಿಯಾಯಿತು. 2006ರಲ್ಲಿ 2.6.18 ಕರ್ನೆಲ್ ಜೊತೆ "ಹೆಡರ್ಸ್ ಇನ್‌ಸ್ಟಾಲ್" ಅನ್ನುವ ಕಮಾಂಡು ಬಂತು. ಕರ್ನೆಲ್‌ಗೆ ಮಾತ್ರ ಬೇಕಾದ ಸಾಲುಗಳನ್ನು ಕತ್ತರಿಸಿ, ಹೊರಗಿನವರಿಗೆ ಬೇಕಾದ್ದನ್ನಷ್ಟೇ ಬೇರೆ ಫೋಲ್ಡರಿಗೆ ಹಾಕುತ್ತದೆ. ಆದರೂ ಮೂಲದಲ್ಲಿ ಎರಡೂ ಒಂದೇ ಫೈಲಿನಲ್ಲಿ ಕಲಸಿಕೊಂಡೇ ಇದ್ದವು, ಕರ್ನೆಲ್‌ಗೆ ಆದರೆ ಇದು, ಇಲ್ಲದಿದ್ದರೆ ಅದು ಅಂತ ಷರತ್ತಿನ ಮೇಲೆ ಷರತ್ತು. ಕೊನೆಗೆ ಡೇವಿಡ್ ಹೊವೆಲ್ಸ್ ಅನ್ನುವವರು ಕೂತು ನೂರಾರು ಫೈಲುಗಳನ್ನು ಎರಡೆರಡಾಗಿ ಒಡೆದರು. ಹೊರಗಿನವರಿಗೆ ಕಾಣಬೇಕಾದ ಭಾಗವೆಲ್ಲ ಯುಎಪಿಐ ಅನ್ನುವ ಫೋಲ್ಡರಿಗೆ ಹೋಯಿತು, ಒಳಗಿನದು ಮೊದಲಿದ್ದ ಕಡೆಯೇ ಉಳಿಯಿತು. 2012ರ ಡಿಸೆಂಬರಿನಲ್ಲಿ ಬಂದ 3.7 ಕರ್ನೆಲ್‌ನಲ್ಲಿ ಇದು ಬಂತು. ಒಳಗಿನ ಫೈಲು ಯುಎಪಿಐ ಫೈಲನ್ನು ಸೇರಿಸಿಕೊಳ್ಳುತ್ತದೆ, ಯುಎಪಿಐ ಫೈಲು ಒಳಗಿನದನ್ನು ಸೇರಿಸಿಕೊಳ್ಳುವ ಹಾಗಿಲ್ಲ. ನಕಲು ಇಲ್ಲ, ಇಬ್ಬರೂ ನೋಡುವುದು ಒಂದೇ ಫೈಲ್. ಇದರ ದೊಡ್ಡ ಲಾಭ ನನ್ನ ಪ್ರಕಾರ ಬೇರೆಯೇ ಇದೆ. ಯಾರಾದರೂ ಕಳಿಸಿದ ಬದಲಾವಣೆಯಲ್ಲಿ ಯುಎಪಿಐ ಅನ್ನುವ ಹೆಸರು ಕಂಡರೆ ಪರಿಶೀಲಿಸುವವರು ಸರಿಯಾಗಿ ಕೂತು ನೋಡುತ್ತಾರೆ, ಇಲ್ಲಿ ಬದು ಮುಟ್ಟುತ್ತಿದ್ದಾರೆ ಅಂತ ಫೋಲ್ಡರಿನ ಹೆಸರೇ ಹೇಳಿಬಿಡುತ್ತದೆ. ಕರ್ನೆಲ್ ಕಾನ್ಫಿಗರೇಶನ್ನಿನ ಹೆಸರು ಏನಾದರೂ ಆ ಫೈಲುಗಳಲ್ಲಿ ನುಸುಳಿದೆಯಾ ಅಂತ ಹಿಡಿಯುವ ತಪಾಸಣೆಯೂ ಈಗ ಇದೆ. ಹಳೆಯ ಅಟಾಮಿಕ್ ಗಾಯ ಮತ್ತೆ ಆಗದಿರಲಿ ಅಂತ.

ನಾವು ನಮ್ಮ ಡ್ರೈವರುಗಳಲ್ಲಿ ಮಾಡಬೇಕಾದದ್ದೂ ಇದನ್ನೇ. ಹೊರಗಿನವರಿಗೆ ಕಾಣುವುದಕ್ಕೆ ಒಂದು ಪುಟ್ಟ ಫೈಲ್ ಮಾಡಿ, ಅದರಲ್ಲಿ ಬೇರೇನೂ ಹಾಕಬೇಡಿ, ಡ್ರೈವರೂ ಪ್ರೋಗ್ರಾಮೂ ಅದೇ ಒಂದು ಫೈಲನ್ನು ನೋಡುವ ಹಾಗೆ ಬಿಲ್ಡ್ ಕಟ್ಟಿ. ಮೇಲ್‌ನಲ್ಲಿ ಕಳಿಸಬೇಡಿ, ಕಾಪಿ ಮಾಡಿ ಅಂಟಿಸಬೇಡಿ.

ಆ ಫೈಲಿನ ಒಳಗೆ ಹೇಗೆ ಬರೆಯಬೇಕು ಅನ್ನುವುದೂ ಮುಖ್ಯ. ಲಾಂಗ್ ಅನ್ನುವ ಟೈಪ್ ಬಳಸಬೇಡಿ. 32 ಬಿಟ್ಟಿನ ಲಿನಕ್ಸ್‌ನಲ್ಲಿ ಅದು ನಾಲ್ಕು ಬೈಟ್, 64 ಬಿಟ್ಟಿನಲ್ಲಿ ಎಂಟು. ಕರ್ನೆಲ್ 64 ಬಿಟ್ ಆಗಿ, ಪ್ರೋಗ್ರಾಮ್ ಹಳೆಯ 32 ಬಿಟ್ಟಿನದೇ ಉಳಿದರೆ, ಫೈಲ್ ಒಂದೇ ಆದರೂ ಅರ್ಥ ಎರಡಾಗುತ್ತದೆ. ಅದಕ್ಕೇ ಲಿನಕ್ಸ್‌ನವರು ಯು 32, ಯು 64 ಅಂತ ಅಳತೆ ಹೆಸರಿನಲ್ಲೇ ಇರುವ ಟೈಪುಗಳನ್ನು ಬಳಸುತ್ತಾರೆ. ಹೊರಗೆ ಕೊಡುವ ಫೈಲಿನಲ್ಲಿ ಅದರ ಮುಂದೆ ಎರಡು ಅಂಡರ್‌ಸ್ಕೋರ್ ಇರುತ್ತದೆ, ಪ್ರೋಗ್ರಾಮ್ ಬರೆಯುವವನು ಇಟ್ಟುಕೊಂಡಿರಬಹುದಾದ ಹೆಸರಿಗೆ ನಮ್ಮ ಹೆಸರು ಡಿಕ್ಕಿ ಹೊಡೆಯಬಾರದು ಅಂತ.

ಅಳತೆ ಸರಿಯಿದ್ದರೂ ಸಾಲದು. ಮೊದಲು ಒಂದು 32 ಬಿಟ್ಟಿನ ಅಂಕಿ, ಆಮೇಲೆ ಒಂದು 64 ಬಿಟ್ಟಿನ ಅಂಕಿ ಇಟ್ಟ ಸ್ಟ್ರಕ್ಚರ್, ಅಂದರೆ ಸಾಲಾಗಿ ಜೋಡಿಸಿದ ಅಂಕಿಗಳ ಗುಂಪು, ಎಷ್ಟು ಬೈಟ್ ಅಂತ ತರಗತಿಯಲ್ಲಿ ಕೇಳಿ ನೋಡಿ. 12 ಅನ್ನುತ್ತಾರೆ. 32 ಬಿಟ್ಟಿನ ಇಂಟೆಲ್‌ನಲ್ಲಿ ಹೌದು, 12. 64 ಬಿಟ್ಟಿನ ಇಂಟೆಲ್‌ನಲ್ಲಿ 16. ಎಂಟು ಬೈಟಿನ ಅಂಕಿ ಎಂಟರ ಗಡಿಯಲ್ಲೇ ಕೂರಬೇಕು ಅಂತ ಕಂಪೈಲರ್ ನಡುವೆ ನಾಲ್ಕು ಬೈಟ್ ಖಾಲಿ ಬಿಡುತ್ತದೆ. ಆ ಖಾಲಿ ಜಾಗದಿಂದ ಇನ್ನೊಂದು ಅಪಾಯವೂ ಇದೆ. ಕರ್ನೆಲ್ ಆ ಸ್ಟ್ರಕ್ಚರನ್ನು ಹೊರಗೆ ಕೊಡುವಾಗ ಖಾಲಿ ಜಾಗವನ್ನು ಸೊನ್ನೆ ಮಾಡದಿದ್ದರೆ, ಅಲ್ಲಿ ಮೊದಲು ಇದ್ದ ಕರ್ನೆಲ್‌ನ ಒಳಗಿನ ಮಾಹಿತಿ ಪ್ರೋಗ್ರಾಮಿನ ಕೈಗೆ ಸಿಗುತ್ತದೆ. ಕಳ್ಳರಿಗೆ ಅಷ್ಟು ಸಾಕು. ಹಾಗಾಗಿ ಖಾಲಿ ಜಾಗವನ್ನು ಕಂಪೈಲರಿಗೆ ಬಿಡದೆ ನಾವೇ ಹೆಸರಿಟ್ಟು ತುಂಬಬೇಕು, ಅದು ಸೊನ್ನೆಯೇ ಇರಬೇಕು ಅಂತ ನಿಯಮ ಮಾಡಬೇಕು, ಸೊನ್ನೆ ಅಲ್ಲದಿದ್ದರೆ ಕರ್ನೆಲ್ ಒಪ್ಪಬಾರದು. ಆಗ ಮುಂದೆ ಯಾವತ್ತಾದರೂ ಆ ಜಾಗಕ್ಕೆ ಹೊಸ ಅರ್ಥ ಕೊಡಬಹುದು.

ಡ್ರೈವರಿಗೆ ವಿಶೇಷ ಕೆಲಸ ಹೇಳಲು ಐಆಕ್ಟಲ್ ಅನ್ನುವ ಸಿಸ್ಟಮ್ ಕಾಲ್ ಬಳಸುತ್ತೇವೆ. ಅದರ ನಂಬರನ್ನು ಕೈಯಲ್ಲಿ ಬರೆಯದೆ ಕರ್ನೆಲ್ ಕೊಟ್ಟಿರುವ ಮ್ಯಾಕ್ರೋದಿಂದಲೇ, ಅಂದರೆ ಕಂಪೈಲ್ ಆಗುವಾಗ ತಾನೇ ಲೆಕ್ಕ ಹಾಕುವ ಸೂತ್ರದಿಂದಲೇ, ಮಾಡಿಸಿ. ಹೆಚ್ಚಿನ ಪ್ರೊಸೆಸರುಗಳಲ್ಲಿ ಆ 32 ಬಿಟ್ಟಿನ ನಂಬರಿನಲ್ಲಿ 14 ಬಿಟ್ ಸ್ಟ್ರಕ್ಚರಿನ ಅಳತೆಗೇ ಮೀಸಲು. ಅಳತೆ ಬದಲಾದರೆ ನಂಬರೂ ಬದಲಾಗುತ್ತದೆ, ಹಳೆಯ ಪ್ರೋಗ್ರಾಮಿಗೆ ಡ್ರೈವರ್ ನೇರವಾಗಿ "ಇದು ನನಗೆ ಗೊತ್ತಿಲ್ಲ" ಅಂತ ಎರರ್ ಕೊಡುತ್ತದೆ. ಹಾಲಿನ ಪೆಟ್ಟಿಗೆಯಲ್ಲಿ ನಾನು ನಂಬರನ್ನು ಕೈಯಲ್ಲೇ ಬರೆದಿದ್ದೆ. ಮ್ಯಾಕ್ರೋ ಬಳಸಿದ್ದರೆ 12 ಬೈಟ್ 16 ಆದ ದಿನವೇ, ಮೊದಲ ನಿಮಿಷದಲ್ಲೇ ಪ್ರೋಗ್ರಾಮ್ ನಿಂತುಹೋಗುತ್ತಿತ್ತು. ನಿಂತುಹೋಗಿದ್ದರೆ ಒಳ್ಳೆಯದಿತ್ತು. ಹಾಲು ವಾಪಸ್ ಹೋಗುತ್ತಿರಲಿಲ್ಲ.

ಸರಿ, ಆದರೆ ಕಾಲ ಬದಲಾಗುತ್ತದೆ, ಹೊಸದು ಸೇರಿಸಲೇಬೇಕು, ಆಗೇನು ಮಾಡುವುದು? ಹಳೆಯದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಕಟ್ಟುವುದು. ಕರ್ನೆಲ್‌ನ ಒಳಗೆ ಏನು ಬೇಕಾದರೂ ಬದಲಾಯಿಸಿ, ಆದರೆ ಹೊರಗೆ ಓಡುತ್ತಿರುವ ಪ್ರೋಗ್ರಾಮ್ ಕೆಡಬಾರದು ಅನ್ನುವುದು ಲಿನಕ್ಸ್‌ನಲ್ಲಿ ಎಲ್ಲಕ್ಕಿಂತ ಗಟ್ಟಿ ನಿಯಮ, ಟೋರ್ವಾಲ್ಡ್ಸ್ ಈ ಒಂದು ವಿಷಯದಲ್ಲಿ ಯಾರನ್ನೂ ಬಿಡುವುದಿಲ್ಲ. 2038ರ ಸಮಸ್ಯೆಯನ್ನೇ ನೋಡಿ. 32 ಬಿಟ್ಟಿನಲ್ಲಿ ಸೆಕೆಂಡು ಎಣಿಸುವ ಗಡಿಯಾರ 2038ರ ಜನವರಿ 19ರಂದು, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಹೆಡರಿನಲ್ಲಿ ಆ ಟೈಪನ್ನು 64 ಬಿಟ್ ಮಾಡಿಬಿಟ್ಟರೆ ಮುಗಿಯಿತಲ್ಲ ಅನ್ನಿಸುತ್ತದೆ. ಹಾಗೆ ಮಾಡಿದ್ದರೆ ಅದುವರೆಗೆ ಕಂಪೈಲ್ ಆದ 32 ಬಿಟ್ಟಿನ ಪ್ರೋಗ್ರಾಮುಗಳಲ್ಲಿ ಸಮಯ ಮುಟ್ಟುವುದೆಲ್ಲ ಹಾಳಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಹಳೆಯ ಕಾಲ್‌ಗಳನ್ನು ಇದ್ದ ಹಾಗೇ ಬಿಟ್ಟು, 64 ಬಿಟ್ಟಿನ ಸಮಯಕ್ಕೆ ಹೊಸ ನಂಬರಿನ ಹೊಸ ಕಾಲ್‌ಗಳನ್ನು ಕಟ್ಟಿದರು. ವರ್ಷಗಳ ಕೆಲಸ ಅದು. 2020ರ ಮಾರ್ಚಿನಲ್ಲಿ ಬಂದ 5.6 ಕರ್ನೆಲ್ ಹೊತ್ತಿಗೆ 32 ಬಿಟ್ಟಿನ ಯಂತ್ರ 2038 ದಾಟಲು ತಯಾರಾಯಿತು, 2021ರ ಆಗಸ್ಟಿನಲ್ಲಿ ಜಿಲಿಬ್‌ಸಿ ಅನ್ನುವ ಸಿ ಲೈಬ್ರರಿಯ 2.34 ಬಂದು ಪ್ರೋಗ್ರಾಮುಗಳಿಗೂ ಆ ದಾರಿ ತೆರೆಯಿತು. ಹೊಸ ಕಾಲ್‌ಗಳಲ್ಲಿ ಇನ್ನೂ ಒಂದು ಒಳ್ಳೆಯ ಪದ್ಧತಿ ಬಂದಿದೆ. ಹೊಸ ಪ್ರೋಸೆಸ್ ಶುರು ಮಾಡಲು ಬಳಸುವ, 2019ರ ಕ್ಲೋನ್ 3 ಅನ್ನುವ ಕಾಲ್‌ನಲ್ಲಿ ಪ್ರೋಗ್ರಾಮೇ "ನನ್ನ ಸ್ಟ್ರಕ್ಚರ್ ಇಷ್ಟು ಬೈಟ್" ಅಂತ ಹೇಳುತ್ತದೆ, ಅದು ಚಿಕ್ಕದಿದ್ದರೆ ಉಳಿದದ್ದು ಸೊನ್ನೆ ಅಂತ ಕರ್ನೆಲ್ ತಿಳಿಯುತ್ತದೆ. ಮುಂದೆ ಕೊನೆಗೆ ಸೇರಿಸುತ್ತಾ ಹೋಗಬಹುದು, ಹಳಬರಿಗೆ ತೊಂದರೆಯಿಲ್ಲ.

ಎಲ್ಲರೂ ಲಿನಕ್ಸ್ ಥರವೇ ಮಾಡುತ್ತಾರೆ ಅಂತಲ್ಲ. ಯುನಿಕ್ಸ್ ಕುಟುಂಬದ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಾದ ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಗಳಲ್ಲಿ ಕರ್ನೆಲ್ಲೂ ಸಿ ಲೈಬ್ರರಿಯೂ ಒಂದೇ ಮರದಲ್ಲಿ, ಒಂದೇ ಗುಂಪಿನ ಕೈಯಲ್ಲಿ ಬೆಳೆಯುತ್ತವೆ. ಒಂದೇ ಫೈಲಿನಲ್ಲಿ ಕರ್ನೆಲ್ ಭಾಗವನ್ನು ಷರತ್ತು ಹಾಕಿ ಮುಚ್ಚಿಡುತ್ತಾರೆ. ಮನೆಯವರೆಲ್ಲ ಒಟ್ಟಿಗಿದ್ದಾಗ ಅದೂ ನಡೆಯುತ್ತದೆ. ಲಿನಕ್ಸ್‌ನಲ್ಲಿ ಕರ್ನೆಲ್ ಒಬ್ಬರದು, ಲೈಬ್ರರಿ ಇನ್ನೊಬ್ಬರದು, ಅದೂ ಜಿಲಿಬ್‌ಸಿ, ಮಸಲ್, ಆಂಡ್ರಾಯ್ಡ್‌ನ ಬಯೋನಿಕ್ ಅಂತ ಹಲವು. ನಮ್ಮ ಚಿಕ್ಕ ಕಂಪನಿಗಳಲ್ಲೂ ಡ್ರೈವರ್ ಒಬ್ಬನದು, ಪ್ರೋಗ್ರಾಮ್ ಇನ್ನೊಬ್ಬನದು, ಆರು ತಿಂಗಳಿಗೆ ಒಬ್ಬ ಕೆಲಸ ಬಿಡುತ್ತಾನೆ. ನಮಗೆ ಬದು ಬೇಕೇ ಬೇಕು.

ಕೆಲವರು ಲೈಸೆನ್ಸ್ ಹೆದರಿಕೆಯಿಂದ ಕರ್ನೆಲ್ ಹೆಡರ್ ಮುಟ್ಟದೆ ನಂಬರುಗಳನ್ನು ತಾವೇ ಕೈಯಲ್ಲಿ ಬರೆದುಕೊಳ್ಳುವುದನ್ನೂ ನೋಡಿದ್ದೇನೆ. ಕರ್ನೆಲ್ ಇರುವುದು ಜಿಪಿಎಲ್ ಲೈಸೆನ್ಸಿನಲ್ಲಿ, ಅದನ್ನು ಸೇರಿಸಿಕೊಂಡು ಹಂಚುವ ಕೋಡನ್ನೂ ತೆರೆದಿಡಬೇಕು ಅನ್ನುವ ಲೈಸೆನ್ಸ್ ಅದು, ನಿಜ. ಆದರೆ ಸಿಸ್ಟಮ್ ಕಾಲ್ ಮೂಲಕ ಸೇವೆ ಪಡೆಯುವ ಪ್ರೋಗ್ರಾಮಿಗೆ ಅದು ಅನ್ವಯಿಸುವುದಿಲ್ಲ ಅಂತ ಕರ್ನೆಲ್‌ನ ಲೈಸೆನ್ಸ್ ಫೈಲಿನಲ್ಲೇ ಬರೆದಿದೆ, ಯುಎಪಿಐ ಫೈಲುಗಳ ಮೊದಲ ಸಾಲಿನಲ್ಲೂ ಆ ವಿನಾಯಿತಿಯ ಗುರುತು ಸಾಮಾನ್ಯವಾಗಿ ಇರುತ್ತದೆ. ತೆರೆದು ನೋಡಿ.

ಉಬುಂಟು ಬಳಸುವ ಮಕ್ಕಳಿಗೆ ಒಂದು ಮಾತು. ಲಿನಕ್ಸ್ ಹೆಡರ್ಸ್ ಅನ್ನುವ ಪ್ಯಾಕೇಜ್ ಬೇರೆ, ಲಿನಕ್ಸ್ ಲಿಬ್‌ಸಿ ಡೆವ್ ಅನ್ನುವ ಪ್ಯಾಕೇಜ್ ಬೇರೆ. ಮೊದಲನೆಯದು ಕರ್ನೆಲ್ ಮಾಡ್ಯೂಲ್ ಕಟ್ಟುವವರಿಗೆ, ಅದರಲ್ಲಿ ಒಳಗಿನದೆಲ್ಲ ಇದೆ. ಪ್ರೋಗ್ರಾಮ್ ಬರೆಯುವವರಿಗೆ ಬೇಕಾದದ್ದು ಎರಡನೆಯದು. ಹೆಸರು ನೋಡಿ ಮೊದಲನೆಯದನ್ನು ಹಾಕಿಕೊಂಡು, ಪ್ರೋಗ್ರಾಮಿಗೆ ಅದರ ಫೋಲ್ಡರ್ ತೋರಿಸಿ, ಸಾವಿರ ಎರರ್ ಬಂದು ಎರಡು ದಿನ ಒದ್ದಾಡಿದ ಹುಡುಗಿಯೊಬ್ಬಳು ನಮ್ಮಲ್ಲಿ ಇದ್ದಳು. ತಪ್ಪು ಅವಳದಲ್ಲ, ಹೆಸರುಗಳೇ ಹಾಗಿವೆ.

ಈಗ ಕಾಲೇಜುಗಳಿಗೆ ನನ್ನ ವಿನಂತಿ. ನಾನು ನೋಡಿದ ಹೆಚ್ಚಿನ ಆಪರೇಟಿಂಗ್ ಸಿಸ್ಟಮ್ ಲ್ಯಾಬ್‌ಗಳಲ್ಲಿ ಮಕ್ಕಳು ರೌಂಡ್ ರಾಬಿನ್, ಬ್ಯಾಂಕರ್ಸ್ ಅಲ್ಗಾರಿದಮ್, ಪೇಜ್ ಬದಲಾವಣೆ ಇವನ್ನು ಸಿ ಪ್ರೋಗ್ರಾಮಿನಲ್ಲಿ ಅಂಕಿ ಕೊಟ್ಟು ಲೆಕ್ಕ ಮಾಡುತ್ತಾರೆ. ಬೇಡ ಅನ್ನುವುದಿಲ್ಲ. ಆದರೆ ಆ ಲ್ಯಾಬ್ ಮುಗಿಸಿದ ಹುಡುಗ ಕರ್ನೆಲ್ಲನ್ನು ಒಮ್ಮೆಯೂ ಮುಟ್ಟಿರುವುದಿಲ್ಲ. ಅಮೆರಿಕದ ಎಂಐಟಿಯಲ್ಲಿ ಪಾಠಕ್ಕಾಗಿಯೇ ಬರೆದ ಎಕ್ಸ್‌ವಿ6 ಅನ್ನುವ ಪುಟ್ಟ ಆಪರೇಟಿಂಗ್ ಸಿಸ್ಟಮ್ ಇದೆ. ಉಚಿತ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ಕ್ಯೂಎಮು ಇದ್ದರೆ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಅದರಲ್ಲಿ ಸಿಸ್ಟಮ್ ಕಾಲ್ ನಂಬರುಗಳ ಹೆಡರ್ ಫೈಲ್ ಒಂದೇ. ಕರ್ನೆಲ್ಲೂ ಅದನ್ನೇ ಸೇರಿಸಿಕೊಳ್ಳುತ್ತದೆ, ಪ್ರೋಗ್ರಾಮುಗಳ ಕಡೆಯ ಕೋಡೂ ಅದನ್ನೇ ಸೇರಿಸಿಕೊಳ್ಳುತ್ತದೆ. ಡಿಸ್ಕ್ ಚಿತ್ರ ತಯಾರಿಸುವ ಎಂಕೆಎಫ್‌ಎಸ್ ಅಂತೂ ನಿಮ್ಮ ಲ್ಯಾಪ್‌ಟಾಪಿನ ಲಿನಕ್ಸ್ ಮೇಲೆ ಓಡುತ್ತದೆ, ಆದರೆ ಎಕ್ಸ್‌ವಿ6 ಕರ್ನೆಲ್‌ನ ಫೈಲ್ ಸಿಸ್ಟಮ್ ಹೆಡರನ್ನೇ ನೋಡಿ ಡಿಸ್ಕ್ ಬರೆಯುತ್ತದೆ. ಎರಡು ಬೇರೆ ಬೇರೆ ಲೋಕ, ನಡುವೆ ಒಂದೇ ಫೈಲ್. ಇಡೀ ಪಾಠ ಕಣ್ಣಿಗೆ ಕಾಣುತ್ತದೆ.

ಒಂದು ಮಧ್ಯಾಹ್ನದ ಅಭ್ಯಾಸ ಹೀಗಿರಲಿ. ಎಕ್ಸ್‌ವಿ6ಗೆ ಒಂದು ಹೊಸ ಸಿಸ್ಟಮ್ ಕಾಲ್ ಸೇರಿಸಿ, ಅದು ಮೂರು ಅಂಕಿಯ ಒಂದು ಸ್ಟ್ರಕ್ಚರ್ ಕೊಡಲಿ. ಅದನ್ನು ಓದಿ ತೋರಿಸುವ ಪ್ರೋಗ್ರಾಮ್ ಬರೆದು ಕಂಪೈಲ್ ಮಾಡಿ ತೆಗೆದಿಡಿ. ಆಮೇಲೆ ಸ್ಟ್ರಕ್ಚರಿನ ನಡುವೆ ಒಂದು ಅಂಕಿ ಸೇರಿಸಿ ಕರ್ನೆಲ್ಲನ್ನು ಮಾತ್ರ ಮತ್ತೆ ಕಟ್ಟಿ, ತೆಗೆದಿಟ್ಟ ಹಳೆಯ ಪ್ರೋಗ್ರಾಮನ್ನೇ ಓಡಿಸಿ. ಪರದೆಯ ಮೇಲೆ ಬರುವ ತಪ್ಪು ಅಂಕಿಯನ್ನು ಮಕ್ಕಳು ತಾವೇ ನೋಡಲಿ. ಕೊನೆಗೆ ಹಳೆಯದನ್ನು ಮುಟ್ಟದೆ, ಹೊಸ ನಂಬರಿನಲ್ಲಿ ಹೊಸ ಸ್ಟ್ರಕ್ಚರ್ ಕೊಟ್ಟು ಎರಡೂ ಪ್ರೋಗ್ರಾಮ್ ಒಟ್ಟಿಗೆ ಸರಿಯಾಗಿ ಓಡುವ ಹಾಗೆ ಮಾಡಲಿ. ಹಾಲಿನ ಪೆಟ್ಟಿಗೆಗಳಲ್ಲಿ ಕೊನೆಗೆ ನಾವು ಮಾಡಿದ್ದೂ ಇದನ್ನೇ.

"ಎಲ್ಲವನ್ನೂ ಒಟ್ಟಿಗೆ ಮತ್ತೆ ಕಂಪೈಲ್ ಮಾಡಿ ಒಟ್ಟಿಗೆ ಕಳಿಸಿದರೆ ಆಯಿತಲ್ಲ, ಇಷ್ಟೆಲ್ಲ ಯಾಕೆ" ಅಂತ ಹೇಳುವ ಗೆಳೆಯರಿದ್ದಾರೆ. ಅವರಿಗೆ ನಾನು ಕೇಳುವುದು ಇಷ್ಟು. ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ಅರ್ಧ ಅಪ್‌ಡೇಟ್ ಆಗಿ ಕರೆಂಟ್ ಹೋದ ಪೆಟ್ಟಿಗೆಯಲ್ಲಿ ಕರ್ನೆಲ್ ಹೊಸದು, ಪ್ರೋಗ್ರಾಮ್ ಹಳೆಯದು ಇರುತ್ತದೆ. ಅಲ್ಲಿಗೆ ಯಾರು ಹೋಗುತ್ತಾರೆ?

ಯಾವ ಕಾಲೇಜಿನ ಮೇಷ್ಟ್ರಾದರೂ ಈ ಅಭ್ಯಾಸ ಮಾಡಿಸುತ್ತೇವೆ ಅಂದರೆ, ತುಮಕೂರಿನ ಸುತ್ತಮುತ್ತ ಎಲ್ಲಿಗಾದರೂ ಶನಿವಾರ ನಾನೇ ಬರುತ್ತೇನೆ. ಲ್ಯಾಪ್‌ಟಾಪ್ ನನ್ನದೇ ತರುತ್ತೇನೆ, ದುಡ್ಡು ಬೇಡ. ಕನ್ನಡದಲ್ಲೇ ಹೇಳಿಕೊಡುತ್ತೇನೆ. ಮೂರು ಗಂಟೆ ಕೊಟ್ಟರೆ ಸಾಕು, ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ.

ಇಂತಿ,
ನಿಮ್ಮ ಓದುಗ,
ತುಮಕೂರು